ಪಿರಿಯಾಪಟ್ಟಣವೆಂಬ ಪರದೇಶ

ಓದುವುದಕ್ಕೆಂದು ಪರದೇಶಕ್ಕೆ ಹೋದ ಹುಡುಗರ ಪಾಡು ನಮ್ಮ ಸಂಸಾರಗಳಲ್ಲಿ ಎಂದೂ ಹಳಸದ ವಿನೋದ. ಕಾಗದ ಬಂದ ದಿವಸ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಸೇರಿ, ಹುಡುಗನು ಅನ್ನವನ್ನು ಸೀದಿಸಿಕೊಂಡ ಬಗೆಯನ್ನೂ, ಅಂಗಡಿಯಲ್ಲಿ ಒಂದನ್ನು ಕೇಳಿ ಮತ್ತೊಂದನ್ನು ತಂದ ಬಗೆಯನ್ನೂ ಓದಿ ನಗುವರು. ತಾಯಿಯಾದವಳು ಮಾತ್ರ ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಮಹಾತ್ಮರಾದವರಿಗೂ ಈ ಪಾಡು ತಪ್ಪಿದ್ದಲ್ಲ. ೧೮೮೮ರಲ್ಲಿ ವಿಲಾಯಿತಿಯ ದಡದಲ್ಲಿ ಇಳಿದ ಗಾಂಧಿಯವರು, ಮೈಮೇಲೆ ಬಿಳಿಯ ಫ್ಲಾನಲ್ ಉಡುಪು ಹಾಕಿದ್ದವನು ಅಲ್ಲಿ ತಾನೊಬ್ಬನೇ ಎಂದು ಕಂಡು ನಾಚಿದ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿರುವರು.

ಆದರೆ ನಮ್ಮ ಊರೂ ಯಾರಿಗೋ ಪರದೇಶವಾಗಿರಬಹುದೆಂಬುದು ನಮಗೆ ಸುಲಭವಾಗಿ ಹೊಳೆಯುವ ಮಾತಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದರೆ ನಮ್ಮ ಮಟ್ಟಿಗೆ ನೆಂಟರ ಮನೆ, ಹೊಗೆಸೊಪ್ಪು, ರಾಗಿ, ಸಂತೆ, ಜಾತ್ರೆ. ಸಾವಿರಾರು ಮೈಲಿಗಳಾಚೆ, ಹಿಮಬಿದ್ದ ಬಯಲಿನ ಮನೆಯೊಂದರಲ್ಲಿ, ‘ನಮ್ಮ ಹುಡುಗ ಓದುವುದಕ್ಕೆ ಪರದೇಶಕ್ಕೆ ಹೋಗಿದ್ದಾನೆ’ ಎಂದು ತಾಯಿಯೊಬ್ಬಳು ನೆರೆಯವರೊಡನೆ ಹೇಳುವಾಗ ಆ ಪರದೇಶವು ಪಿರಿಯಾಪಟ್ಟಣದ ತಾಲ್ಲೂಕೇ ಆಗಿರುವುದುಂಟು. ಈ ಸೋಜಿಗವನ್ನು ಕಣ್ಣಾರೆ ನೋಡಿಬರಬೇಕೆಂದು ನಾವು ಮಾಗಿಯ ಒಂದು ಮುಂಜಾನೆ ಮನೆಯಾಕೆಯನ್ನೂ ಸೋದರಮಾವನವರನ್ನೂ ಕೂಡಿಕೊಂಡು ಮೈಸೂರಿನಿಂದ ಹೊರಟೆವು.

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮೊದಲು ಸಿಕ್ಕುವುದು ಲಕ್ಷ್ಮಣತೀರ್ಥದ ದಡದ ಹುಣಸೂರು. ಅಲ್ಲಿಂದ ಮುಂದಕ್ಕೆ ಹೊಲಗಳ ನಡುವೆ ಕಿಟಕಿಯಿಲ್ಲದ ಎತ್ತರದ ಮನೆಗಳು ಕಾಣತೊಡಗುವುವು. ಹೊಸಬರು ಅವನ್ನು ಗುಡಿಗಳೆಂದು ಭ್ರಮಿಸುವುದುಂಟು. ಅವು ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದಮಾಡುವ ಮನೆಗಳು. ಪಿರಿಯಾಪಟ್ಟಣವನ್ನು ದಾಟಿ, ಮೈಸೂರಿನಿಂದ ಸುಮಾರು ೫೦ ಮೈಲಿಯಾಗುವಷ್ಟರಲ್ಲಿ ಬೈಲಕುಪ್ಪೆ. ಅಲ್ಲಿ ದಾರಿಯಿಂದ ಎಡಕ್ಕೆ ತಿರುಗಿದರೆ ಕಣ್ಣಿಗೆ ಬೀಳುವುದೆಲ್ಲ ಬೇರೆ. ಜೋಳದ ಹೊಲದ ಬದುವಿನಲ್ಲಿ ಬಣ್ಣಬಣ್ಣದ ಪತಾಕೆಗಳು. ಒಂದೊಂದರ ಮೇಲೂ ಮಂತ್ರಾಕ್ಷರಗಳು. ಕೆಂಗಂದು ಬಣ್ಣದ ವಸ್ತ್ರವುಟ್ಟು ಬಲದೋಳನ್ನು ಬರಿದೆ ಬಿಟ್ಟ ಭಿಕ್ಷುಗಳು ಗುಂಪುಗುಂಪಾಗಿ ನಡೆಯುವರು. ಅವರ ನಡುವೆ ನಮ್ಮ ಗೌಡರೊಬ್ಬರು ಎತ್ತಿನ ಜೋಡಿಯನ್ನು ಹೊಡೆದುಕೊಂಡು, ಇದರಲ್ಲಿ ನೋಡುವಂಥದೇನಿದೆ ಎಂಬಂತೆ ಸಾಗುವರು.

ಈ ಊರು ಇಲ್ಲಿ ಹುಟ್ಟಿದ ಕಥೆಯನ್ನು ವಾಚಕರಿಗೆ ಚಿಕ್ಕದಾಗಿ ಹೇಳಬೇಕು. ೧೯೫೯ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ಸರ್ಕಾರವು ೧೯೬೦ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು ೩೦೦೦ ಎಕರೆ ನೆಲವನ್ನು ಅವರಿಗೆ ಒದಗಿಸಿತು. ಆಗ ಅದು ಕಾಡು. ಉಣ್ಣೆಯ ನಿಲುವಂಗಿಗಳನ್ನು ತೊಟ್ಟು ಬಂದ ಜನ ಇಲ್ಲಿಯ ಬಿಸಿಲಿನಲ್ಲಿ ಮರ ಕಡಿದು, ಮುಳ್ಳು ಸುಟ್ಟು, ಗುಡಾರಗಳಲ್ಲಿ ಬದುಕಿದರು. ಬೇನೆಬಿದ್ದು ಸತ್ತವರೂ ಉಂಟು. ೧೯೬೯ರಲ್ಲಿ ಪಕ್ಕದಲ್ಲಿಯೇ ಎರಡನೆಯ ನೆಲೆಯೂ, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆಯೂ ಆದುವು.

ಮನೆಗಳ ಬೆನ್ನಿಗೇ ಮಠಗಳೂ ಬಂದುವು. ಲ್ಹಾಸಾ ನಗರದ ಹತ್ತಿರ ೧೪೧೯ರಲ್ಲಿ ಹುಟ್ಟಿದ್ದ ಸೆರಾ ವಿದ್ಯಾಪೀಠವು ೧೯೭೦ರಲ್ಲಿ ಬೈಲಕುಪ್ಪೆಯಲ್ಲಿ ಎರಡನೆಯ ಜನ್ಮವನ್ನು ತಾಳಿತು. ಪೆನೋರ್ ರಿನ್‌ಪೋಚೆಯವರು ೧೯೬೩ರಲ್ಲಿ ಹೂಡಿದ ನಾಮ್‌ಡ್ರೋಲಿಂಗ್ ಮಠಕ್ಕೆ ೧೯೭೮ರಲ್ಲಿ ಉನ್ನತ ವ್ಯಾಸಂಗದ ಶಾಲೆಯೊಂದು ಸೇರಿತು. ಸುಮಾರು ೬೦ ಅಡಿ ಎತ್ತರದ ಬುದ್ಧನಿರುವ, ನಮ್ಮ ಜನ ‘ಚಿನ್ನದ ದೇವಸ್ಥಾನ’ವೆಂದು ಕರೆಯುವ, ೧೯೯೯ರಲ್ಲಿ ತೆರೆದ ಮಂದಿರವು ಈ ಮಠದ್ದೇ. ಯಾತ್ರಿಕರು ಅದನ್ನು ನೋಡಿ ಚಿತ್ರ ತೆಗೆದುಕೊಂಡು ಕುಶಾಲನಗರದ ಕಡೆಗೆ ಹೊರಟುಬಿಡುವರು. ಆ ಗೋಡೆಗಳ ಹಿಂದೆ ಮಂಗೋಲಿಯ, ಭೂತಾನ, ನೇಪಾಳಗಳಿಂದ ಬಂದ ವಿದ್ಯಾರ್ಥಿಗಳು ತರ್ಕ ಮತ್ತು ದರ್ಶನಗಳನ್ನು ಓದುತ್ತಿರುವರೆಂಬುದನ್ನು ಅರಿತವರು ಕಡಮೆ. ಸೆರಾದಲ್ಲಿ ‘ಗೆಶೆ’ ಎಂಬ ಪದವಿಯನ್ನು ಪಡೆಯಲು ಸುಮಾರು ಇಪ್ಪತ್ತು ವರ್ಷ ಬೇಕು. ಮಗನು ಮೂರು ವರ್ಷದಲ್ಲಿ ಬಿ.ಎ. ಮುಗಿಸಲಿಲ್ಲವೆಂದು ಕೊರಗುವ ತಂದೆಯರು ಇದನ್ನು ಮನಸ್ಸಿನಲ್ಲಿಡುವುದು ಲೇಸು.

ಮಂಗೋಲಿಯದ ಅಂಥ ಭಿಕ್ಷುವೊಬ್ಬರ ಪರಿಚಯ ನಮಗೆ ಅಂಗಡಿಯೊಂದರ ಮುಂದೆ ಆಯಿತು. ಬಂದು ಹನ್ನೆರಡು ವರ್ಷವಾಗಿತ್ತಂತೆ. ಪಾಠಕ್ಕಾಗಿ ಮೊದಲು ಟಿಬೆಟ್ಟಿನ ನುಡಿಯನ್ನು ಕಲಿತರು; ರೈಲಿಗಾಗಿ ಹಿಂದಿಯನ್ನು ಕಲಿತರು; ತರಕಾರಿಗಾಗಿ ಕನ್ನಡವನ್ನು ಕಲಿತರು. ಈ ಮೂರರಲ್ಲಿ ಹೆಚ್ಚು ಪೆಟ್ಟು ತಿಂದದ್ದು ಯಾವುದರಲ್ಲಿ ಎಂದು ಕೇಳಿದೆವು. ‘ತರಕಾರಿಯಲ್ಲಿ’ ಎಂದು ಅವರು ಹಲ್ಲು ಕಾಣುವಂತೆ ನಕ್ಕರು.

ಟಿಬೆಟ್ಟಿನ ನುಡಿಯಲ್ಲಿ ಮರ್ಯಾದೆಯನ್ನು ತೋರಿಸಬೇಕಾದರೆ ಹೆಸರಿನ ಕೊನೆಗೆ ‘ಲಾ’ ಎಂದು ಸೇರಿಸುವುದು ವಾಡಿಕೆ. ತಾಯಿಯನ್ನು ‘ಆಮಾಲಾ’ ಎನ್ನುವರು, ತಂದೆಯನ್ನು ‘ಪಾಲಾ’, ಗುರುವನ್ನು ‘ಗೆನ್‌ಲಾ’. ನಮ್ಮ ಮಿತ್ರರು ಮೊದಲ ಸಲ ಪಿರಿಯಾಪಟ್ಟಣದ ಸಂತೆಗೆ ಹೋದಾಗ ಸುತ್ತಲೂ ಅವರ ಕಿವಿಗೆ ಬಿದ್ದದ್ದು ಇದೇ: ‘ಬಾರ್ಲಾ ಇಲ್ಲಿ’, ‘ಎಲ್ಲೋಗಿದ್ಲಾ’, ‘ಏನ್ಲಾ ಸಮಾಚಾರ’. ಆಹಾ, ಎಂಥ ವಿನಯವಂತ ಜನ, ಮೂಟೆ ಹೊರುವವನೂ ಮೂಟೆ ಹೊರುವವನನ್ನು ಇಷ್ಟು ಗೌರವದಿಂದ ಕರೆಯುವ ನಾಡು ಬೇರೆಲ್ಲಿಯೂ ಇರಲಾರದು ಎಂದು ಅವರ ಮನಸ್ಸು ತುಂಬಿಬಂದಿತಂತೆ. ಅದೇ ತುಂಬಿದ ಮನಸ್ಸಿನಲ್ಲಿ, ಎದುರಿಗೆ ಬಂದ ಬಿಳಿಮೀಸೆಯ, ಜರಿಪೇಟದ ವೃದ್ಧ ಗೌಡರೊಬ್ಬರಿಗೆ ಜಗಲಿಯ ಮೇಲೆ ಜಾಗಮಾಡಿಕೊಟ್ಟು, ಕೈಮುಗಿದು, ‘ಕುಂತ್ಕಳ್ಲಾ’ ಎಂದುಬಿಟ್ಟರು!

ಹಳೆಯ ಮೈಸೂರಿನ ಹಳ್ಳಿಗಳನ್ನು ಬಲ್ಲ ವಾಚಕರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಗೌಡರ ಮೀಸೆ ನೆಟ್ಟಗಾಯಿತು. ಅವರ ಮೊಮ್ಮಗನು ತೋಳು ಮಡಿಚಿದನು. ಆದರೆ ಬೈದವನ ಕೈ ಮುಗಿದಿದ್ದಿತು, ತಲೆ ಬಾಗಿದ್ದಿತು. ಬಾಯಿಗೂ ಕೈಗೂ ಹೊಂದದ ಈ ಬೈಗುಳವನ್ನು ಏನೆಂದು ತಿಳಿಯಬೇಕೋ ಯಾರಿಗೂ ತೋಚಲಿಲ್ಲ. ಕಡೆಗೆ, ಅಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು, ‘ಅವರ ಕಡೇಲಿ ಅದೇ ಮರ್ವಾದೆಯಂತೆ ಕಣ್ರಪ್ಪ, ಅವರವ್ವಂಗೂ ಲಾ ಅಂತಾರೆ’ ಎಂದು ತೀರ್ಪುಕೊಟ್ಟಳು. ಗೌಡರು ಒಂದು ಗಳಿಗೆ ಸುಮ್ಮನಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕು, ‘ಹಂಗಾದ್ರೆ ಕುಂತ್ಕತೀನಿ ಕಣ್ಲಾ’ ಎಂದು ಜಗಲಿಯ ಮೇಲೆ ಕುಳಿತರಂತೆ. ಆ ಮಾತಿನಲ್ಲಿದ್ದದ್ದು ಯಾವ ಭಾಷೆಯ ‘ಲಾ’ ಎಂಬುದು ತಮಗೆ ಇಂದಿಗೂ ಬಗೆಹರಿಯದ ತರ್ಕವೆಂದು ಭಿಕ್ಷುಗಳು ಹೇಳಿದರು.

ಊಟದ ಪ್ರಕರಣವೂ ಹೀಗೆಯೇ. ಟಿಬೆಟ್ಟಿನವರ ನಿತ್ಯದ ಆಹಾರ ‘ತ್ಸಂಪ’. ಎಂದರೆ ಹುರಿದ ಜವೆಗೋದಿಯ ಹಿಟ್ಟನ್ನು ಚಹದಲ್ಲಿ ಕಲಸಿ, ಕೈಯಲ್ಲಿ ಉಂಡೆಕಟ್ಟಿ ತಿನ್ನುವುದು. ಇವರೂ ಅದಕ್ಕೆ ಒಗ್ಗಿದ್ದರು. ಆದಕಾರಣ ರೈತರೊಬ್ಬರ ಮನೆಯಲ್ಲಿ ರಾಗಿಯ ಮುದ್ದೆಯನ್ನು ಬಡಿಸಿದಾಗ, ಹಳೆಯ ನೆಂಟನನ್ನು ಕಂಡಂತಾಗಿ, ಇವರು ಒಂದು ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಮತ್ತೂ ಅಗಿದರು. ಮುದ್ದೆಯು ಹಲ್ಲಿಗೂ ಹಲ್ಲಿಗೂ ನಡುವೆ ಸೇತುವೆ ಕಟ್ಟಿತು. ಮನೆಯ ಮಕ್ಕಳು ಸಾಲಾಗಿ ನಿಂತು ನೋಡಿದುವು. ‘ನುಂಗ್ಬೇಕು ಸ್ವಾಮಿ, ಅಗೀಬಾರ್ದು’ ಎಂದು ಮನೆಯೊಡತಿ ಬಸ್ಸಾರಿನಲ್ಲಿ ಅದ್ದಿ ತೋರಿಸಿಕೊಟ್ಟ ಮೇಲೆ ವಿದ್ಯೆ ಹತ್ತಿತು. ಈಗ ಅವರು ಎರಡು ಮುದ್ದೆಯನ್ನು ನಿರಾಯಾಸವಾಗಿ ಇಳಿಸಬಲ್ಲರು.

ಬಸ್ಸಿನ ತೊಂದರೆ ಬೇರೆಯದೇ. ನಮ್ಮವರು ‘ಹೌದು’ ಎನ್ನುವುದಕ್ಕೆ ತಲೆಯನ್ನು ಆಚೆಗೀಚೆಗೆ ತೂಗುವರಷ್ಟೆ. ಹೊರನಾಡಿನವರ ಕಣ್ಣಿಗೆ ಅದು ‘ಇಲ್ಲ’ ಎಂದಂತೆ ಕಾಣುವುದು. ಚುಂಚನಕಟ್ಟೆಯ ಜಲಪಾತವನ್ನು ನೋಡಬೇಕೆಂದು ಹೊರಟ ಇವರು ಹುಣಸೂರಿನ ನಿಲ್ದಾಣದಲ್ಲಿ ‘ಕೃಷ್ಣರಾಜನಗರ?’ ಎಂದು ಕೇಳಿದರು. ನಿರ್ವಾಹಕನು ಪ್ರೀತಿಯಿಂದ ತಲೆ ತೂಗಿದನು. ಇವರು ವಂದಿಸಿ ಹಿಂದೆ ಸರಿದರು. ಹೀಗೆ ಮೂರು ಬಸ್ಸುಗಳು ಹೋದುವು. ನಾಲ್ಕನೆಯದರಲ್ಲಿ, ಯಾರ ತಲೆಯನ್ನೂ ನೋಡದೆ, ‘ಕೆ.ಆರ್.’ ಎಂಬ ಕೂಗನ್ನು ಮಾತ್ರ ಕೇಳಿ ಹತ್ತಿ ಕುಳಿತರು. ಬಸ್ಸು ಕೃಷ್ಣರಾಜನಗರವನ್ನೂ ದಾಟಿ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯಲ್ಲಿ ಅವರನ್ನು ಇಳಿಸಿತು. ಕೃಷ್ಣರಾಜಸಾಗರವೆಂಬುದೂ ಒಂದುಂಟೆಂದು ಆಮೇಲೆ ತಿಳಿಯಿತಂತೆ. ಅರಸರು ಪ್ರಜಾವತ್ಸಲರಾದುದರ ಫಲವನ್ನು ಪರದೇಶದ ವಿದ್ಯಾರ್ಥಿ ಹೀಗೆ ಅನುಭವಿಸಬೇಕಾಯಿತು.

ಮಂಗೋಲಿಯದ ರಾಜಧಾನಿಯಲ್ಲಿ ಮಾಗಿಯ ಚಳಿ ಶೂನ್ಯಕ್ಕಿಂತ ೩೦ ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿಂದ ಬಂದವರಿಗೆ ನಮ್ಮ ಮಾರ್ಗಶಿರದ ಮುಂಜಾನೆ ಬೇಸಗೆಯ ಹಾಗೆ. ಊರವರೆಲ್ಲ ಕಂಬಳಿ ಹೊದೆದು ಬೆಂಕಿಯ ಸುತ್ತ ಕುಳಿತಿರುವಾಗ ಇವರು ಬರಿದೋಳಿನಲ್ಲಿ ನಡೆದುಹೋಗುವುದನ್ನು ನೋಡಿ ಅಜ್ಜಿಯೊಬ್ಬಳ ಕರುಳು ಕಿವುಚಿತು. ‘ಹೆತ್ತವಳು ದೂರ, ಹೊದೆಸೋರಿಲ್ಲ’ ಎಂದು ತನ್ನ ಕರಿಕಂಬಳಿಯನ್ನೇ ತಂದು ಅವರ ಮೈಗೆ ಸುತ್ತಿದಳು. ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಭಿಕ್ಷುಗಳು ಅದನ್ನು ಅವಳ ಬೀದಿ ದಾಟುವವರೆಗೂ ತೆಗೆಯಲಿಲ್ಲ. ಆ ಚಳಿಗಾಲವೆಲ್ಲ ಅವಳ ಬೀದಿಯಲ್ಲಿ ಹೋಗುವಾಗ ಕಂಬಳಿಯನ್ನು ಹೊದೆದೇ ಹೋದರಂತೆ.

ಪರದೇಶವೆಂಬುದು ಒಂದೇ ಕಡೆಯಿಂದ ಶುರುವಾಗುವುದಿಲ್ಲವೆಂಬುದನ್ನು ಅದೇ ದಿನ ಮಧ್ಯಾಹ್ನ ನಮ್ಮ ಸೋದರಮಾವನವರು ನಿರೂಪಿಸಿದರು. ಟಿಬೆಟ್ಟಿನವರ ಮನೆಯಲ್ಲಿ ಚಹವೆಂದರೆ ಬೆಣ್ಣೆ, ಉಪ್ಪುಗಳನ್ನು ಹಾಕಿ ಕಡೆದದ್ದು. ಅವರಲ್ಲಿ ಇನ್ನೊಂದು ಉಪಚಾರವೂ ಉಂಟು: ಅತಿಥಿಯ ಬಟ್ಟಲು ಬರಿದಾಗಗೊಡಬಾರದು. ಮಾವನವರು ಮೊದಲ ಗುಟುಕಿಗೇ ಇದು ಹುಳಿ ಮರೆತ ಸಾರೆಂದು ನಿಶ್ಚಯಿಸಿ, ಕೊಟ್ಟವರ ಮನಸ್ಸು ನೋಯದಿರಲೆಂದು ಕಣ್ಣುಮುಚ್ಚಿ ಒಂದೇ ಉಸಿರಿಗೆ ಕುಡಿದು ಬಟ್ಟಲನ್ನು ಕೆಳಗಿಟ್ಟರು. ತಕ್ಷಣ ಅದು ತುಂಬಿತು. ಮತ್ತೆ ಕುಡಿದರು, ಮತ್ತೆ ತುಂಬಿತು. ನಾಲ್ಕನೆಯ ಬಟ್ಟಲಿಗೆ ಅವರ ಮುಖ ನೋಡಲಾರದೆ ನಮ್ಮ ಮನೆಯಾಕೆ, ‘ತುಂಬಿದ ಬಟ್ಟಲನ್ನು ಹಾಗೆಯೇ ಬಿಡಿ ಮಾವ, ಹೊರಡುವಾಗ ಕುಡಿದರಾಯಿತಂತೆ’ ಎಂದು ಪಿಸುಗುಟ್ಟಿದಳು. ಆ ಗುಟ್ಟನ್ನು ಆಕೆ ಅಡಿಗೆಮನೆಯ ಹೆಂಗಸರಿಂದ ಅಷ್ಟರಲ್ಲಿಯೇ ಸಂಪಾದಿಸಿದ್ದಳು.

ಸಂಜೆ ಸೆರಾದ ಅಂಗಳದಲ್ಲಿ ವಾದವನ್ನು ನೋಡಿದೆವು. ಉತ್ತರ ಕೊಡುವವನು ನೆಲದ ಮೇಲೆ ಕುಳಿತಿರುವನು. ಪ್ರಶ್ನೆ ಹಾಕುವವನು ಎದುರಿಗೆ ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಎಡದಂಗೈಯ ಮೇಲೆ ಬಲದಂಗೈಯನ್ನು ಚಟ್ಟನೆ ಬಡಿದು ಕೂಗುವನು. ನೂರಾರು ಜೋಡಿಗಳು ಹೀಗೆ ಒಮ್ಮೆಲೇ ಕೂಗುವಾಗ, ಹಿಂದೆ ಒಬ್ಬ ಗೃಹಸ್ಥರು ಹೊಡೆದಾಟವೆಂದು ತಿಳಿದು ಬಿಡಿಸಲು ನಡುವೆ ನುಗ್ಗಿದ್ದರಂತೆ. ಅವರನ್ನು ವಿದ್ಯಾರ್ಥಿಗಳು ಕುಳ್ಳಿರಿಸಿ, ಇದು ಶಬ್ದವು ಅನಿತ್ಯವೋ ನಿತ್ಯವೋ ಎಂಬ ಜಗಳವೆಂದು ತಿಳಿಸಿದರು. ‘ಅಷ್ಟಕ್ಕೇನಾ?’ ಎಂದು ಗೃಹಸ್ಥರು ನಿರಾಶರಾಗಿ ಹೋದರಂತೆ.

ಆ ಜಗಳ ನಮ್ಮ ನೆಲದ್ದೇ; ನಾಲಂದದ ಪಂಡಿತರು ಕಲಿಸಿಕೊಟ್ಟದ್ದು. ಅಂದು ವಿದ್ಯಾರ್ಥಿಗಳಾಗಿ ಬೆಟ್ಟವಿಳಿದು ಬಂದವರು ಟಿಬೆಟ್ಟಿನವರು. ಕ್ರಿ.ಶ. ೧೨೩೪ರಿಂದ ೩೬ರ ಸುಮಾರಿಗೆ ಧರ್ಮಸ್ವಾಮಿ ಎಂಬ ಟಿಬೆಟ್ಟಿನ ವಿದ್ಯಾರ್ಥಿ ಮಗಧಕ್ಕೆ ಬಂದಾಗ ನಾಲಂದ ಪಾಳಾಗುತ್ತಿದ್ದಿತು. ತೊಂಬತ್ತು ದಾಟಿದ ರಾಹುಲಶ್ರೀಭದ್ರರೆಂಬ ಗುರುಗಳು ಉಳಿದ ಕೆಲವು ಶಿಷ್ಯರಿಗೆ ವ್ಯಾಕರಣ ಹೇಳುತ್ತಿದ್ದರು. ಸೈನಿಕರು ಬರುವರೆಂಬ ಸುದ್ದಿ ಹಬ್ಬಿ ಎಲ್ಲರೂ ಓಡಿಹೋದಾಗ, ಈ ಪರದೇಶಿಯು ಗುರುಗಳನ್ನು ಬೆನ್ನಮೇಲೆ ಹೊತ್ತುಕೊಂಡು ಹೋಗಿ ಅಡಗಿಸಿ ಕಾಪಾಡಿದನು. ಏಳು ನೂರು ವರ್ಷ ಕಳೆದ ಮೇಲೆ ಆ ವಿದ್ಯೆಯು ಬೆಟ್ಟದ ಆಚೆಯಿಂದ ಓಡಿಬಂದಾಗ ತಂಗುವುದಕ್ಕೆ ಪಿರಿಯಾಪಟ್ಟಣದ ತಾಲ್ಲೂಕು ಸಿಕ್ಕಿತು. ಋಣದ ಲೆಕ್ಕವನ್ನು ಯಾರು ಹೇಗೆ ಬರೆದಿಡುವರೋ ಹೇಳಬರುವುದಿಲ್ಲ.

ಅಕ್ಷರಗಳಲ್ಲಿಯೂ ಈ ನಂಟು ಕಾಣುವುದು. ಟಿಬೆಟ್ಟಿನ ವರ್ಣಮಾಲೆ ಭಾರತದ ಲಿಪಿಗಳಿಂದ ಮೂಡಿದುದು. ಹಳ್ಳಿಯ ಹುಡುಗನೊಬ್ಬನು ಜಗಲಿಯಲ್ಲಿ ‘ಕ ಖ ಗ ಘ ಙ’ ಒಪ್ಪಿಸುತ್ತಿದ್ದುದನ್ನು ಕೇಳಿ ಭಿಕ್ಷುಗಳು ಥಟ್ಟನೆ ನಿಂತು, ‘ಕ ಖ ಗ ಙ’ ಎಂದು ತಾವೂ ಒಪ್ಪಿಸಿದರು. ಅವರಲ್ಲಿ ‘ಘ’ ಇಲ್ಲ. ‘ಒಂದಕ್ಷರ ನುಂಗಿಬಿಟ್ರಿ’ ಎಂದು ಹುಡುಗ. ‘ನೀನು ಒಂದನ್ನು ಕೂಡಿಸಿದೆ’ ಎಂದು ಭಿಕ್ಷು. ಆ ವಾದವೂ ಅಂಗೈ ಬಡಿಯುವವರೆಗೆ ಹೋಯಿತಂತೆ.

ಹೆಗ್ಗಡದೇವನಕೋಟೆಯ ಕಡೆಯ ಕಾಡು ಇವರಿಗೆ ಕಲಿಸಿದ ಪಾಠವನ್ನೂ ಹೇಳಬೇಕು. ಟಿಬೆಟ್ಟಿನ ಮಠಗಳ ಗೋಡೆಗಳಲ್ಲಿ ಆನೆಯೊಂದನ್ನು ಚಿತ್ರಿಸುವುದುಂಟು. ಅದು ಮನಸ್ಸಿನ ಸಂಕೇತ. ಧ್ಯಾನವು ಬಲಿತಂತೆಲ್ಲ ಕರಿಯ ಆನೆ ಮೆಲ್ಲಮೆಲ್ಲನೆ ಬಿಳುಪಾಗುವುದು. ಆನೆಯನ್ನು ಗೋಡೆಯ ಮೇಲೆ ಮಾತ್ರ ಕಂಡಿದ್ದ ಮೊದಲ ವಲಸೆಗಾರರ ಜೋಳದ ಹೊಲಕ್ಕೆ ರಾತ್ರಿ ನಿಜವಾದ ಆನೆಗಳು ನುಗ್ಗಿದಾಗ, ಅವು ಯಾವ ಧ್ಯಾನಕ್ಕೂ ಬಿಳುಪಾಗಲಿಲ್ಲ. ತಮಟೆ ಬಡಿದು, ಪಂಜು ಹಿಡಿದು ಓಡಿಸುವ ನಮ್ಮ ಕಾಡಂಚಿನ ರೈತರ ಉಪಾಯವೇ ಅಲ್ಲಿ ನಡೆದದ್ದು.

ನಗುವುದು ಇಷ್ಟಾಯಿತು. ಆದರೆ ಈ ವಿದ್ಯಾರ್ಥಿಗಳಲ್ಲಿ ಎರಡು ಬಗೆಯುಂಟೆಂಬುದನ್ನು ಮರೆಯಬಾರದು. ನಮ್ಮ ಮಂಗೋಲಿಯದ ಮಿತ್ರರು ಓದು ಮುಗಿದ ಮೇಲೆ ಊರಿಗೆ ಹೋಗಬಲ್ಲರು. ಅವರ ತಾಯಿಗೆ ಸುದ್ದಿ ಮುಟ್ಟುವುದು. ಅವರ ಪಕ್ಕದ ಕೋಣೆಯವರು ಟಿಬೆಟ್ಟಿನಲ್ಲಿ ಹುಟ್ಟಿ, ಹುಡುಗರಾಗಿದ್ದಾಗ ಹಿಮದಲ್ಲಿ ನಡೆದುಬಂದವರು. ಹಾಗೆ ಬರುವವರ ದಾರಿಯೂ ೨೦೦೮ರಿಂದ ಈಚೆಗೆ ಬಹುಮಟ್ಟಿಗೆ ಮುಚ್ಚಿಹೋಗಿದೆ. ತಮ್ಮ ಪೇಚಾಟಗಳನ್ನು ಬರೆದು ನಗಿಸೋಣವೆಂದರೆ ಓದುವವರ ಕೈಗೆ ಕಾಗದ ಸೇರುವ ಭರವಸೆ ಅವರಿಗಿಲ್ಲ. ಪರದೇಶದ ಪಾಡು ವಿನೋದವಾಗುವುದು ಮನೆಯಲ್ಲಿ ಅದನ್ನು ಕೇಳುವವರಿದ್ದಾಗ. ಇಲ್ಲದಿದ್ದರೆ ಅದು ಬರಿಯ ಪಾಡು.

ಇದನ್ನು ನಮಗೆ ತಿಳಿಸಿಕೊಟ್ಟದ್ದು ಒಂದು ಸಣ್ಣ ಮಾತು. ಟಿಬೆಟ್ಟಿನವರು ಬೀಳ್ಕೊಡುವಾಗ ಹೊರಡುವವನಿಗೆ ‘ಕಲೇ ಫೇ’ ಎನ್ನುವರು, ಎಂದರೆ ನಿಧಾನವಾಗಿ ಹೋಗಿ. ಹೊರಡುವವನು ಉಳಿಯುವವರಿಗೆ ‘ಕಲೇ ಶು’ ಎನ್ನುವನು, ಎಂದರೆ ನಿಧಾನವಾಗಿ ಇರಿ. ನಮ್ಮಲ್ಲಿ ‘ಹೋಗುತ್ತೇನೆ’ ಎನ್ನುವಂತಿಲ್ಲವಷ್ಟೆ. ಇದನ್ನರಿಯದ ಕಾಲದಲ್ಲಿ ನಮ್ಮ ಭಿಕ್ಷುಗಳು, ಹಾಲಿನವನು ‘ಬರ್ತೀನಿ’ ಎಂದು ಹೋದನೆಂದು ಅವನಿಗಾಗಿ ಸಂಜೆಯವರೆಗೆ ಚಹವನ್ನು ಬಿಸಿಯಾಗಿ ಕಾಯ್ದಿಟ್ಟಿದ್ದರಂತೆ. ಪಕ್ಕದ ಕೋಣೆಯ ಗೆಳೆಯರಾದರೋ, ಕಂಬಳಿಯ ಅಜ್ಜಿಯ ಮನೆಯಿಂದ ಹೊರಡುವಾಗ ‘ನಾನು ಹೋಗುತ್ತೇನೆ’ ಎಂದು ಶುದ್ಧ ಕನ್ನಡದಲ್ಲಿಯೇ ಹೇಳಿದರು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಬಿಡ್ತು ಅನ್ನು ಮಗ! ಹೋಗಿ ಬತ್ತೀನಿ ಅನ್ನು’ ಎಂದಳು. ಅವರು ಒಂದೊಂದೇ ಅಕ್ಷರವನ್ನು ಬಿಡಿಸಿ, ‘ಹೋಗಿ ಬತ್ತೀನಿ’ ಎಂದರು. ಅದನ್ನು ತಾಯಿಗೆ ಹೇಳಿ ಬರಲಿಲ್ಲವಲ್ಲ ಎಂದು ಆ ರಾತ್ರಿ ಗೆಳೆಯನೊಡನೆ ಅಂದರಂತೆ.

ಇಂದು ಈ ನಾಲ್ಕು ತಾಲ್ಲೂಕುಗಳ ಮನೆಗಳಿಂದಲೂ ಮಕ್ಕಳು ಓದುವುದಕ್ಕೆಂದು ಸಮುದ್ರ ದಾಟಿ ಹೋಗುತ್ತಿರುವರು. ಹೊಗೆಸೊಪ್ಪಿನ ಹಣವನ್ನೂ, ಅಡವಿಟ್ಟ ಒಡವೆಯ ಹಣವನ್ನೂ ಕಟ್ಟಿಕೊಂಡು ಹೋದ ಆ ಹುಡುಗರೂ ಹುಡುಗಿಯರೂ ಯಾವುದೋ ಊರಿನ ಅಂಗಡಿಯಲ್ಲಿ ಯಾವುದೋ ‘ಲಾ’ವನ್ನು ತಪ್ಪಾಗಿ ಆಡುತ್ತಿರಬಹುದು. ಅಲ್ಲಿಯೂ ಸೊಪ್ಪು ಮಾರುವ ಮುದುಕಿಯೊಬ್ಬಳು ಇರಲಿ ಎಂದು ನಾವು ಹಾರೈಸುವುದು ಸಹಜ. ಹಾಗೆ ಹಾರೈಸುವವರು ತಮ್ಮ ಬೀದಿಯಲ್ಲಿ ನಡೆದುಹೋಗುವ ಪರದೇಶದ ವಿದ್ಯಾರ್ಥಿಯ ಕನ್ನಡಕ್ಕೆ ನಗುವಾಗ, ಒಂದು ಲೋಟ ನೀರುಮಜ್ಜಿಗೆಯನ್ನೂ ಮುಂದಿಡಬೇಕು. ಬಟ್ಟಲು ಬರಿದಾದರೆ ಇನ್ನೊಮ್ಮೆ ತುಂಬಬೇಕು. ಮಗನನ್ನು ಕಳುಹಿಸಿದ ಮನೆಯವರಿಗೆ ಇದಕ್ಕಿಂತ ಹೆಚ್ಚು ಹೇಳುವುದು ಬೇಕಾಗಲಾರದು.